ಕುಳಿ ಬಿದ್ದ ಗುಡ್ಡ, ಬಾಗಿದ ಬುಡ, ಉದುರುವ ಹುಲ್ಲು: ಆಟದ ಮೇಜಿನ ಟೆರೇನ್ ಎಲ್ಲಿ ಕೆಡುತ್ತದೆ?

ಪ್ರಶ್ನೆ: 28 ಮಿ.ಮೀ. ಗೊಂಬೆಗಳಲ್ಲಿ ಆಡುವ ಯುದ್ಧದಾಟಕ್ಕೆ ಟೆರೇನ್ (ಮೇಜಿನ ಮೇಲಿಡುವ ಮಾದರಿ ನೆಲ, ಕಟ್ಟಡ) ಬೇಕೆಂದು ಒಂದು ಗುಡ್ಡ, ಒಂದು ಪಾಳುಮನೆ ಮಾಡಿದೆ. ಗುಡ್ಡ ಥರ್ಮಾಕೋಲಿನದು, ಮನೆ ಫೋಮ್‌ಬೋರ್ಡಿನದು (ಎರಡು ಕಾಗದಗಳ ನಡುವೆ ಫೋಮ್ ಇರುವ ಹಲಗೆ), ಎರಡಕ್ಕೂ ಬುಡ 3 ಮಿ.ಮೀ. ಎಂಡಿಎಫ್ ಹಲಗೆ. ಸ್ಪ್ರೇ ಬಣ್ಣ ಹೊಡೆದ ಕೂಡಲೇ ಗುಡ್ಡದ ಮೈಯಲ್ಲಿ ಕುಳಿ ಬಿತ್ತು. ಮರಳು ಅಂಟಿಸಿದ ಮರುದಿನ ಬುಡದ ಅಂಚುಗಳು ಮೇಲೆದ್ದವು. ಇಳಿಜಾರಿನಲ್ಲಿ ಗೊಂಬೆ ನಿಲ್ಲುವುದಿಲ್ಲ, ಮನೆಯ ಬಾಗಿಲಲ್ಲಿ ತೂರುವುದಿಲ್ಲ. ಬೂದು ಬಳಿದ ಗೋಡೆ ಕಲ್ಲಿನಂತೆ ಕಾಣುತ್ತಿಲ್ಲ, ಹುಲ್ಲಿನ ಪುಡಿ ಕೈಗೇ ಬರುತ್ತದೆ. ಎಲ್ಲಿ ತಪ್ಪಿದೆ? ಮೊದಲಿಂದ ಮಾಡುವುದಾದರೆ ಹೇಗೆ?

ಉತ್ತರ: ತೊಂದರೆಗಳು ಆರು, ಅವುಗಳಲ್ಲಿ ಐದರ ಬೇರು ಎರಡೇ. ಬಣ್ಣದಲ್ಲಿ, ಅಂಟಿನಲ್ಲಿ ಇರುವ ನೀರು ಅಥವಾ ದ್ರಾವಕ ತನ್ನ ಕೆಳಗಿರುವ ಪದರಕ್ಕೆ ಏನು ಮಾಡುತ್ತದೆ ಎಂದು ನೋಡದೆ ಮುಂದಿನ ಪದರ ಹಾಕಿದ್ದೀರಿ. ಕುಳಿ, ಬಾಗು, ಉದುರುವ ಹುಲ್ಲು ಮೂರೂ ಅದರಿಂದಲೇ ಬಂದವು. ಎರಡನೆಯದು, ಅಳತೆಯನ್ನು ಗೊಂಬೆಯ ಎತ್ತರದಿಂದ ತೆಗೆದಿದ್ದೀರಿ. ಟೆರೇನ್‌ನಲ್ಲಿ ಅಳತೆಗೋಲು ಗೊಂಬೆ ನಿಂತಿರುವ ಬೇಸ್ (ಕಾಲಡಿಯ ಬಿಲ್ಲೆ), ಗೊಂಬೆಯಲ್ಲ. ಬಣ್ಣ ಸಪ್ಪೆಯಾಗಿರುವುದು ಬೇರೆ ಮಾತು, ಇವುಗಳ ಮುಂದೆ ಅದು ಸುಲಭದ್ದು.

ಮೊದಲು ಅಳತೆ

28 ಮಿ.ಮೀ. ಗೊಂಬೆಯನ್ನು ಸುಮಾರು 1:56ರಿಂದ 1:60ರ ಅಳತೆ ಎಂದು ಹಿಡಿಯುವುದು ರೂಢಿ. ಎರಡು ಮೀಟರ್ ಎತ್ತರ, 90 ಸೆಂ.ಮೀ. ಅಗಲದ ನಿಜವಾದ ಬಾಗಿಲು 1:56ರಲ್ಲಿ 36 ಮಿ.ಮೀ. ಎತ್ತರ, 16 ಮಿ.ಮೀ. ಅಗಲಕ್ಕೆ ಇಳಿಯುತ್ತದೆ. ಲೆಕ್ಕ ಸರಿಯಾಗಿದೆ, ಆಟಕ್ಕೆ ಬರುವುದಿಲ್ಲ. 25 ಮಿ.ಮೀ. ಅಗಲದ ಬೇಸ್ 16 ಮಿ.ಮೀ. ಸಂದಿನಲ್ಲಿ ಹೋಗುವುದು ಹೇಗೆ? ಮೇಲಾಗಿ ಗೊಂಬೆ ಸುಮಾರು 3 ಮಿ.ಮೀ. ದಪ್ಪದ ಬೇಸಿನ ಮೇಲೆ ನಿಂತಿರುತ್ತದೆ, ಹಾಗಾಗಿ 36 ಮಿ.ಮೀ. ಬಾಗಿಲು ಅದರ ತಲೆಗೆ ತಗಲುವಂತೆ ಕಾಣುತ್ತದೆ. ಬಾಗಿಲನ್ನು 42 ಮಿ.ಮೀ. ಎತ್ತರ, 30 ಮಿ.ಮೀ. ಅಗಲ ಕತ್ತರಿಸಿ. ನಿಮ್ಮ ಗೊಂಬೆಗಳು 32 ಮಿ.ಮೀ. ಬೇಸಿನವಾದರೆ ಅಗಲ 36 ಇರಲಿ. ನೋಡುವಾಗ ಯಾರಿಗೂ ಬಾಗಿಲು ದೊಡ್ಡದೆನಿಸುವುದಿಲ್ಲ, ಪಕ್ಕದಲ್ಲಿ ಗೊಂಬೆ ನಿಂತರೆ ಇದೇ ಸಹಜವಾಗಿ ಕಾಣುತ್ತದೆ.

ಮಹಡಿಯ ಎತ್ತರವೂ ಹಾಗೆಯೇ. ಮೂರು ಮೀಟರಿನ ಕೋಣೆ 54 ಮಿ.ಮೀ.ಗೆ ಬರುತ್ತದೆ, ಅದರೊಳಗೆ ಗೊಂಬೆ ಹಿಡಿದ ಬೆರಳು ಹೋಗುವುದಿಲ್ಲ. 75 ಮಿ.ಮೀ. ಇಡಿ. ಪಾಳುಮನೆಯಾದರೆ ಎರಡು ಗೋಡೆಗಳನ್ನು ‘ಎಲ್’ ಆಕಾರದಲ್ಲಿ ನಿಲ್ಲಿಸಿ ಉಳಿದೆರಡು ಬದಿ ತೆರೆದಿಡುವುದು ಉತ್ತಮ. ಕೈ ಒಳಗೆ ಹೋಗುತ್ತದೆ, ಗೋಡೆಗಳು ಒಂದಕ್ಕೊಂದು ಆಸರೆಯಾಗುತ್ತವೆ.

ಮೆಟ್ಟಿಲಿನ ವಿಷಯದಲ್ಲಿ ನನ್ನ ಸಲಹೆ: ಮಾಡಬೇಡಿ. ಗೊಂಬೆ ನಿಲ್ಲುವಂಥ ಮೆಟ್ಟಿಲಿಗೆ 28 ಮಿ.ಮೀ. ಆಳ ಬೇಕು. 12 ಮಿ.ಮೀ. ಎತ್ತರದ ಆರು ಮೆಟ್ಟಿಲು ಹಾಕಿದರೂ ಒಂದು ಮಹಡಿ ಹತ್ತುವಷ್ಟರಲ್ಲಿ 168 ಮಿ.ಮೀ. ಉದ್ದ ಖರ್ಚಾಗಿ ಅರ್ಧ ಮನೆ ಹೋಗುತ್ತದೆ. ಒಂದು ಏಣಿ ಒರಗಿಸಿ, ಮೇಲೆ 40 ಮಿ.ಮೀ. ಚೌಕದ ಸಮತಟ್ಟು ಜಾಗ ಬಿಡಿ.

ಈಗ ಗುಡ್ಡ. ಗೊಂಬೆ ಜಾರುವುದಕ್ಕೆ ನುಣುಪು ಸ್ವಲ್ಪ ಕಾರಣ, ಕೋನವೇ ಮುಖ್ಯ ಕಾರಣ. ಈಟಿ, ಬಾವುಟ ಹಿಡಿದ ಲೋಹದ ಗೊಂಬೆಯ ಭಾರ ಮೇಲ್ಭಾಗದಲ್ಲಿರುತ್ತದೆ, ಅದು 30 ಡಿಗ್ರಿ ದಾಟುವ ಮೊದಲೇ ವಾಲುತ್ತದೆ. ಒಂದಕ್ಕೆ ಎರಡರ ಇಳಿಜಾರು, ಅಂದರೆ 50 ಮಿ.ಮೀ. ಎತ್ತರಕ್ಕೆ 100 ಮಿ.ಮೀ. ಓಟ ಕೊಟ್ಟರೆ ಕೋನ ಸುಮಾರು 27 ಡಿಗ್ರಿ. ಒರಟು ಮೈಯ ಮೇಲೆ ಪ್ಲಾಸ್ಟಿಕ್ ಗೊಂಬೆ ಅಲ್ಲಿ ನಿಲ್ಲುತ್ತದೆ. ಆದರೆ ಸುತ್ತಲೂ ಅಂಥ ಇಳಿಜಾರು ಕೊಟ್ಟರೆ ಗುಡ್ಡ ಮೇಜನ್ನೇ ನುಂಗುತ್ತದೆ. ಇದಕ್ಕೆ ಮೆಟ್ಟಿಲುಗುಡ್ಡವೇ ದಾರಿ. 25 ಮಿ.ಮೀ. ದಪ್ಪದ ಎರಡು ಪದರ ತೆಗೆದುಕೊಳ್ಳಿ. ಕೆಳಗಿನದು ಸುಮಾರು 250 × 200 ಮಿ.ಮೀ., ಮೇಲಿನದು 180 × 130 ಮಿ.ಮೀ. ಮೇಲಿನದನ್ನು ನಡುಮಧ್ಯೆ ಇಡದೆ ಒಂದು ಮೂಲೆಗೆ ಸರಿಸಿ. ಆ ಬದಿ ಕಡಿದಾದ ಬಂಡೆಯಾಗುತ್ತದೆ, ಎದುರು ಬದಿಯಲ್ಲಿ 60 ಮಿ.ಮೀ.ಗೂ ಹೆಚ್ಚು ಅಗಲದ ಹೆಜ್ಜೆ ಸಿಗುತ್ತದೆ, 40 ಮಿ.ಮೀ. ಬೇಸ್ ಕೂಡ ಅಲ್ಲಿ ಆರಾಮವಾಗಿ ನಿಲ್ಲುತ್ತದೆ. ಕಡಿದಾದ ಬದಿಯನ್ನು ಅರೆಬರೆ ಬಿಡದೆ 70 ಡಿಗ್ರಿಗೆ ಕತ್ತರಿಸಿಬಿಡಿ. ಗೊಂಬೆ ನಿಲ್ಲುವ ಜಾಗ, ನಿಲ್ಲದ ಜಾಗ ಎಂದು ಕಣ್ಣಿಗೇ ತಿಳಿದರೆ ಆಟದಲ್ಲಿ ವಾದ ಬರುವುದಿಲ್ಲ. ಇಲ್ಲಿಯಾದರೂ ನಿಲ್ಲಬಹುದೇನೋ ಎನ್ನಿಸುವ 45 ಡಿಗ್ರಿಯೇ ಎಲ್ಲಕ್ಕಿಂತ ಕೆಟ್ಟದ್ದು.

ಯಾವ ಫೋಮ್

ಥರ್ಮಾಕೋಲ್ ಎಂದರೆ ಉಬ್ಬಿದ ಮಣಿಗಳನ್ನು ಆವಿಯಲ್ಲಿ ಒತ್ತಿ ಸೇರಿಸಿದ ಪಾಲಿಸ್ಟೈರೀನ್. ಕತ್ತರಿಸಿದಲ್ಲೆಲ್ಲ ಮಣಿ ಕಾಣುತ್ತದೆ, ಗೀರು ಎಳೆದರೆ ಗೆರೆಯ ಬದಲು ಮಣಿ ಕಿತ್ತು ಬರುತ್ತದೆ. ಎಕ್ಸ್‌ಪಿಎಸ್ ಅದೇ ಪಾಲಿಸ್ಟೈರೀನ್, ಆದರೆ ಕರಗಿಸಿ ಹಲಗೆಯಾಗಿ ಹೊರತಳ್ಳಿದ್ದು. ಒಳಗೆ ಮಣಿಯಿಲ್ಲ, ಸಣ್ಣ ಮುಚ್ಚಿದ ಕೋಶಗಳು ಮಾತ್ರ. ಕಟ್ಟಡದ ಶಾಖ ತಡೆಯಲು ಬಳಸುವ ಬಣ್ಣದ ಹಲಗೆಗಳು ಇವೇ. ಕಲ್ಲುಗೋಡೆ, ಹಲಗೆನೆಲ ಮುಂತಾದ ಕೆತ್ತನೆಗೆ ಎಕ್ಸ್‌ಪಿಎಸ್ ಬಿಟ್ಟು ಬೇರೆ ನೋಡಬೇಡಿ. ಗುಡ್ಡದ ಹೊಟ್ಟೆಗೆ ಥರ್ಮಾಕೋಲ್ ಸಾಕು, ಆದರೆ ಮೇಲೆ ಒಂದು ಹೊದಿಕೆ ಬೇಕು. ಟಿಶ್ಯೂ ಕಾಗದವನ್ನು ಬಿಳಿ ಅಂಟು ಮತ್ತು ನೀರು ಸಮಸಮ ಬೆರೆಸಿದ್ದರಲ್ಲಿ ಅದ್ದಿ ಎರಡು ಪದರ ಹಚ್ಚಬಹುದು, ಅಥವಾ ಗೋಡೆಯ ಬಿರುಕು ತುಂಬುವ ಫಿಲ್ಲರ್‌ಗೆ ಐದನೇ ಒಂದು ಭಾಗ ಬಿಳಿ ಅಂಟು ಸೇರಿಸಿ 2 ಮಿ.ಮೀ. ದಪ್ಪಕ್ಕೆ ಮೆತ್ತಬಹುದು. ಅಂಟಿಲ್ಲದ ಬರೀ ಫಿಲ್ಲರ್ ಒಣಗಿದ ಮೇಲೆ ಚಕ್ಕೆ ಏಳುತ್ತದೆ.

ಎಕ್ಸ್‌ಪಿಎಸ್ ಹಲಗೆಯ ಮೇಲ್ಮೈಯಲ್ಲಿ ಹೊಳೆಯುವ ತೆಳು ಚರ್ಮವಿರುತ್ತದೆ. ಅಂಟು, ಬಣ್ಣ ಎರಡನ್ನೂ ಅದು ಹಿಡಿಯಗೊಡುವುದಿಲ್ಲ. 120ರ ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಿರಿ. ಆ ಧೂಳು ಹಗುರ, ತೇಲಾಡುತ್ತದೆ. ಮಾಸ್ಕ್ ಹಾಕಿಕೊಳ್ಳಿ.

ಕತ್ತರಿಸಲು ಮುರಿಯುವ ಬ್ಲೇಡಿನ ಕಟರ್ ಸಾಕು. ಫೋಮ್ ಹರಿದು ಬಂದರೆ ಕೈಯನ್ನು ದೂರಬೇಡಿ, ಬ್ಲೇಡ್ ಮೊಂಡಾಗಿದೆ. ತುದಿ ಮುರಿದು ಹೊಸದು ಮಾಡಿಕೊಳ್ಳಿ. ಬ್ಲೇಡನ್ನು ಲಂಬವಾಗಿ ಒತ್ತದೆ ಓರೆಯಾಗಿ ಹಿಡಿದು, ಒಂದೇ ಗೆರೆಯಲ್ಲಿ ಮೂರು ನಾಲ್ಕು ಬಾರಿ ಎಳೆಯಿರಿ. ಬಿಸಿತಂತಿಯ ಕಟರ್ ಇದ್ದರೆ ಕೆಲಸ ನಯವಾಗುತ್ತದೆ, ಒಂದೇ ಷರತ್ತು: ತಂತಿ ತನ್ನ ವೇಗದಲ್ಲಿ ಹೋಗಲಿ. ತಳ್ಳಿದರೆ ತಂತಿಯ ನಡುಭಾಗ ಹಿಂದುಳಿದು ಕತ್ತರಿಸಿದ ಮುಖ ತಗ್ಗಾಗುತ್ತದೆ. ಹೊಗೆ ಏಳುತ್ತಿದ್ದರೆ ಬಿಸಿ ಹೆಚ್ಚಾಗಿದೆ, ಕಡಿಮೆ ಮಾಡಿ. ಆ ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ, ಆದ್ದರಿಂದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದು ಬೇಡ.

ಅಂಟು

ಫೆವಿಕಾಲ್ ಥರದ ಬಿಳಿ ಅಂಟು ನೀರು ಆರಿದರೆ ಮಾತ್ರ ಗಟ್ಟಿಯಾಗುತ್ತದೆ. ಎರಡು ಫೋಮ್ ಹಲಗೆಗಳ ನಡುವೆ ಬಳಿದರೆ ಆ ನೀರಿಗೆ ಹೊರಬರಲು ದಾರಿಯಿಲ್ಲ, ಎಕ್ಸ್‌ಪಿಎಸ್‌ನ ಕೋಶಗಳು ಮುಚ್ಚಿವೆ. ಅಂಚಿನಲ್ಲಿ ಒಣಗಿ, ನಡುವೆ ವಾರ ಕಳೆದರೂ ಹಸಿಯಾಗಿಯೇ ಇರುತ್ತದೆ. ಗುಡ್ಡ ಗಟ್ಟಿಯಾಗಿದೆ ಎಂದುಕೊಂಡು ಎತ್ತಿದರೆ ಮೇಲಿನ ಪದರ ಜಾರುತ್ತದೆ. ದೊಡ್ಡ ಮೇಲ್ಮೈಗಳಿಗೆ ಫೋಮ್‌ಗೆ ಸುರಕ್ಷಿತ ಎಂದು ಬರೆದಿರುವ ಕಟ್ಟಡದ ಅಂಟು ಬಳಸಿ. ಇಲ್ಲವೇ ಹಾಟ್ ಗ್ಲೂ ಗನ್, ಅದರಲ್ಲೂ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನ ಕಡಿಮೆ ಬಿಸಿಯದು. 190 ಡಿಗ್ರಿಯ ಗನ್ ಫೋಮನ್ನು ಒಳಗೊಳಗೇ ಕರಗಿಸಿ ಪೊಳ್ಳು ಮಾಡುತ್ತದೆ. ಸೂಪರ್ ಗ್ಲೂ ಬೇಡ, ಸಾಮಾನ್ಯ ಬಗೆಯದು ಪಾಲಿಸ್ಟೈರೀನ್ ಫೋಮನ್ನು ತಿನ್ನುತ್ತದೆ.

ಯಾವ ಅಂಟಾದರೂ ಅಂಚಿನಿಂದ 20 ಮಿ.ಮೀ. ಒಳಗೆ ನಿಲ್ಲಿಸಿ. ಒಣಗಿದ ಅಂಟಿನ ಗೆರೆಗೆ ಬಿಸಿತಂತಿ ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬ್ಲೇಡು ಬಂದರೆ ಹಾರುತ್ತದೆ, ಇಳಿಜಾರು ಕೆತ್ತುವುದು ಅಸಾಧ್ಯವಾಗುತ್ತದೆ. ಜತೆಗೆ ಎರಡು ಮೂರು ಟೂತ್‌ಪಿಕ್‌ಗಳನ್ನು ಓರೆಯಾಗಿ ಚುಚ್ಚಿ, ಅರ್ಧ ಮೇಲಿನ ಪದರದಲ್ಲಿ, ಅರ್ಧ ಕೆಳಗಿನದರಲ್ಲಿ ಇರುವಂತೆ. ಪಾಳುಗೋಡೆ ಬುಡದಿಂದ ಕಿತ್ತು ಬರುವುದನ್ನು ತಡೆಯುವುದೂ ಈ ಕಡ್ಡಿಗಳೇ. ಗೋಡೆಗೆ 10 ಮಿ.ಮೀ. ದಪ್ಪ ಬೇಕು. 5 ಮಿ.ಮೀ.ಗಿಂತ ತೆಳುವಾದ ಎಕ್ಸ್‌ಪಿಎಸ್ ಗೋಡೆ ಕೈತಗಲಿದರೆ ಮುರಿಯುತ್ತದೆ.

ಬುಡ ಬಾಗುವುದೇಕೆ

ಎಂಡಿಎಫ್ ಮರದ ನಾರಿನ ಹಲಗೆ, ನೀರು ಕುಡಿಯುತ್ತದೆ. ಒಂದೇ ಮುಖಕ್ಕೆ ಅಂಟು ಮತ್ತು ಮರಳು ಹಾಕಿದಾಗ ಆ ಮುಖ ಮೊದಲು ಹಿಗ್ಗುತ್ತದೆ. ಆಮೇಲೆ ಅಂಟು ಒಣಗುತ್ತ ಕುಗ್ಗಿ ಹಲಗೆಯನ್ನು ತನ್ನತ್ತ ಎಳೆಯುತ್ತದೆ. ಕೆಳಮುಖದಲ್ಲಿ ಎದುರೆಳೆತವಿಲ್ಲ, ಹಾಗಾಗಿ ಅಂಚು ಮೇಲೇಳುತ್ತದೆ. ಫೋಮ್‌ಬೋರ್ಡಿನ ಕಾಗದವೂ ಇದೇ ಆಟ ಆಡುತ್ತದೆ.

ತಡೆಯುವುದು ಸುಲಭ. ಬುಡವನ್ನು ಆಕಾರಕ್ಕೆ ಕತ್ತರಿಸಿ, ಫೋಮ್‌ಗಿಂತ 10ರಿಂದ 15 ಮಿ.ಮೀ. ಹೊರಗೆ ಚಾಚಿರಲಿ, ಅಂಚನ್ನು ಓರೆಯಾಗಿ ಉಜ್ಜಿ. ಎಂಡಿಎಫ್ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಇಲ್ಲೂ ಮಾಸ್ಕ್ ಬೇಕು. ಆಮೇಲೆ ಬೇರೇನೂ ಅಂಟಿಸುವ ಮುನ್ನ ಎರಡೂ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ, ಅಕ್ರಿಲಿಕ್ ಬಣ್ಣ ಅಥವಾ ವಾರ್ನಿಶ್ ಎರಡು ಕೋಟ್ ಬಳಿದು ಪೂರ್ತಿ ಒಣಗಿಸಿ. ಮರಳು ಹಾಕಿದ ಮೇಲೆ ಅಂಚುಗಳ ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ, ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಮೊಣಕೈಯಷ್ಟು ಉದ್ದದ ತುಂಡಾದರೆ 3ರ ಬದಲು 6 ಮಿ.ಮೀ. ಎಂಡಿಎಫ್ ತೆಗೆದುಕೊಳ್ಳಿ. ಪಿವಿಸಿ ಫೋಮ್ ಬೋರ್ಡ್ ನೀರು ಕುಡಿಯುವುದಿಲ್ಲ, ಆ ಲೆಕ್ಕಕ್ಕೆ ಅದೇ ವಾಸಿ. ಆದರೆ ಅದರ ನುಣುಪು ಮೈಗೆ ಬಿಳಿ ಅಂಟು ಹಿಡಿಯಬೇಕಾದರೆ ಮೊದಲು ಒರಟು ಮಾಡಬೇಕು.

ನಿಮ್ಮಲ್ಲಿ ಈಗಾಗಲೇ ಬಾಗಿರುವುದನ್ನು ಎಸೆಯಬೇಡಿ. ಕೆಳಮುಖಕ್ಕೆ ಒಂದು ಭಾಗ ಅಂಟಿಗೆ ಎರಡು ಭಾಗ ನೀರು ಬೆರೆಸಿ ಧಾರಾಳವಾಗಿ ಬಳಿದು, ಸಮತಟ್ಟಾದ ಕಡೆ ಭಾರ ಹೇರಿ ಎರಡು ದಿನ ಬಿಡಿ. ಬಹುಪಾಲು ಬಾಗು ಇಳಿಯುತ್ತದೆ. ಇಳಿಯದಿದ್ದರೆ ಅದು ತಳದಿಂದ ಬೇರ್ಪಡಿಸಿ ಹೊಸ ಬುಡಕ್ಕೆ ಕೂರಿಸಬೇಕಾದ ಗುಡ್ಡ.

ಕಲ್ಲು ಕೆತ್ತುವುದು

ನಿಜವಾದ ಇಟ್ಟಿಗೆ 1:56ರಲ್ಲಿ 4 ಮಿ.ಮೀ. ಉದ್ದ, ಒಂದೂಕಾಲು ಮಿ.ಮೀ. ದಪ್ಪವಷ್ಟೇ. ಅದನ್ನು ಕೆತ್ತುತ್ತ ಕೂರುವುದು ಹುಚ್ಚು. ಬಣ್ಣ ಬಿದ್ದ ಮೇಲೆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಗೋಡೆ ಕಲ್ಲಿನದೆಂದುಕೊಂಡು 10 × 6 ಮಿ.ಮೀ. ಆಸುಪಾಸಿನ ಕಲ್ಲು ಎಳೆಯಿರಿ, ಒಂದಕ್ಕಿಂತ ಒಂದು ಬೇರೆ ಉದ್ದವಿರಲಿ, ಸಂದು ಸಂದಿನ ಮೇಲೆ ಬರದಿರಲಿ. ಮೊದಲು ಬ್ಲೇಡಿನಿಂದ 1 ಮಿ.ಮೀ. ಆಳದ ಗೀರು, ಆಮೇಲೆ ಅದೇ ಗೀರಿನಲ್ಲಿ ಮೊಂಡು ಪೆನ್ಸಿಲ್ ಅಥವಾ ಖಾಲಿ ಬಾಲ್‌ಪೆನ್. ಗೀರಿಲ್ಲದೆ ಪೆನ್ಸಿಲ್ ಎಳೆದರೆ ಫೋಮ್ ಕಿತ್ತು ಬರುತ್ತದೆ. ಅಲ್ಲಲ್ಲಿ ಒಂದೊಂದು ಕಲ್ಲನ್ನು ಬೆರಳಿನಿಂದ ಒಳಗೆ ಒತ್ತಿ. ಕೊನೆಗೆ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಗೋಡೆಯ ಮೇಲೆ ಒತ್ತಿ ಉರುಳಿಸಿದರೆ ಕಲ್ಲಿನ ಒರಟುತನ ಬಂದುಬಿಡುತ್ತದೆ. ಮುದ್ದೆಯನ್ನು ತಿರುಗಿಸುತ್ತಿರಿ, ಇಲ್ಲವಾದರೆ ಒಂದೇ ಗುರುತು ಸಾಲಾಗಿ ಬೀಳುತ್ತದೆ. ಮರದ ನೆಲಕ್ಕೆ ತಂತಿಬ್ರಶ್ಶನ್ನು ಒಂದೇ ದಿಕ್ಕಿಗೆ ಎಳೆಯುವುದು ಸಾಕು. ಬಂಡೆಯ ಮುಖವನ್ನು ಬ್ಲೇಡಿನಿಂದ ಕೆತ್ತುವುದಕ್ಕಿಂತ ಕೈಯಿಂದ ಚೂರು ಚೂರು ಮುರಿದು ತೆಗೆಯುವುದು ಮೇಲು.

ಸ್ಪ್ರೇಗೆ ಮೊದಲು ಚರ್ಮ

ಸಾಮಾನ್ಯ ಸ್ಪ್ರೇ ಡಬ್ಬದ ದ್ರಾವಕವೂ, ಹಲವು ಡಬ್ಬಗಳಲ್ಲಿ ಬಣ್ಣವನ್ನು ಹೊರತಳ್ಳುವ ಅನಿಲವೂ ಪಾಲಿಸ್ಟೈರೀನನ್ನು ಕರಗಿಸುವಂಥವೇ. ನಿಮ್ಮ ಗುಡ್ಡಕ್ಕೆ ಆದದ್ದು ಇದು. ಎಕ್ಸ್‌ಪಿಎಸ್ ಆದರೂ ಇದೇ ಗತಿ, ಅದೂ ಪಾಲಿಸ್ಟೈರೀನೇ.

ಕಪ್ಪು ಅಕ್ರಿಲಿಕ್ ಬಣ್ಣ ಎರಡು ಭಾಗ, ಬಿಳಿ ಅಂಟು ಒಂದು ಭಾಗ, ಬ್ರಶ್ ಓಡುವಷ್ಟು ನೀರು. ಇದನ್ನು ಫೋಮ್ ಎಲ್ಲೂ ಬೆತ್ತಲೆ ಉಳಿಯದಂತೆ ಎರಡು ಕೋಟ್ ಬಳಿಯಿರಿ. ಮೊದಲ ಕೋಟಿನಲ್ಲಿ ಬ್ರಶ್ಶನ್ನು ಸಂದುಗಳಿಗೆ ಚುಚ್ಚಿ ಚುಚ್ಚಿ ಹಚ್ಚಿ, ಮೇಲೆ ಎಳೆದುಕೊಂಡು ಹೋದರೆ ಗಾಳಿಗುಳ್ಳೆ ನಿಲ್ಲುತ್ತದೆ. ಗೋಡೆಯ ಮೇಲಂಚಿಗೆ, ಬಾಗಿಲಿನ ಮೂಲೆಗಳಿಗೆ ಮೂರನೆಯ ಕೋಟ್ ಕೊಡಿ, ಮೊದಲು ಮುರಿಯುವುದು ಅವೇ. ಈ ಒಂದು ಕೆಲಸ ಮೂರು ಕೆಲಸಕ್ಕೆ ಸಮ: ಫೋಮ್‌ಗೆ ಗಟ್ಟಿ ಚರ್ಮ, ಬಣ್ಣಕ್ಕೆ ಹಿಡಿತ, ಸಂದಿನಲ್ಲಿ ನೆರಳು. ಇಷ್ಟಾದ ಮೇಲೂ ಸ್ಪ್ರೇ ಬಳಸಲು ನಾನು ಹೇಳುವುದಿಲ್ಲ. ಸೂಜಿಮೊನೆಯಷ್ಟು ತೂತು ಉಳಿದಿದ್ದರೂ ಸಾಕು, ದ್ರಾವಕ ಒಳಗೆ ಇಳಿದು ಚರ್ಮದ ಕೆಳಗೆ ಪೊಳ್ಳು ಮಾಡುತ್ತದೆ, ಅದು ತಿಳಿಯುವುದು ಮುಂದೆಂದೋ ಬೆರಳು ಒಳಗೆ ಹೋದಾಗ. ಕುಳಿ ಬಿದ್ದಿರುವ ಗುಡ್ಡಕ್ಕೂ ಇದೇ ಚಿಕಿತ್ಸೆ. ಸಡಿಲ ಭಾಗ ಕೆರೆದು, ಫಿಲ್ಲರ್ ಮತ್ತು ಅಂಟಿನ ಮಿಶ್ರಣ ತುಂಬಿ, ಮೇಲೆ ಕಪ್ಪು ಬಳಿಯಿರಿ. ಶೆಲ್ ಬಿದ್ದ ಗುಂಡಿ ನಿಮ್ಮ ಆಟಕ್ಕೆ ಹೊಂದುವುದಾದರೆ ಒಂದೆರಡನ್ನು ಹಾಗೇ ಉಳಿಸಿಕೊಳ್ಳಿ.

ಮರಳು ಹಾಕುವುದು ಮೊದಲ ಕಪ್ಪು ಕೋಟಿನ ನಂತರ, ಎರಡನೆಯದರ ಮುಂಚೆ. ಮರಳು ತೊಳೆದು ಒಣಗಿಸಿದ್ದಿರಲಿ. ಉಪ್ಪಿನಂಶ ಇದ್ದರೆ ತೇವ ಎಳೆದು ಮೇಲೆ ಬಿಳಿ ಹರಳು ಕಟ್ಟುತ್ತದೆ. ದೊಡ್ಡದರಿಂದ ಸಣ್ಣದಕ್ಕೆ ಬನ್ನಿ: 3ರಿಂದ 5 ಮಿ.ಮೀ. ಕಲ್ಲುಚೂರು ಬಂಡೆಯ ಬುಡದಲ್ಲಿ, ಅದರ ಸುತ್ತ 1ರಿಂದ 2 ಮಿ.ಮೀ. ಜಲ್ಲಿ, ಉಳಿದೆಡೆ ನುಣ್ಣಗಿನ ಮರಳು. ಗೊಂಬೆ ನಿಲ್ಲುವ ಹೆಜ್ಜೆಗಳ ಮೇಲೆ ನುಣ್ಣಗಿನದು ಮಾತ್ರ, ದಪ್ಪ ಕಲ್ಲಿನ ಮೇಲೆ ಬೇಸ್ ಅಲುಗಾಡುತ್ತದೆ. ಹನ್ನೆರಡು ಗಂಟೆ ಬಿಟ್ಟು ಸಡಿಲ ಮರಳನ್ನು ಕೊಡವಿ. ಒಂದು ಭಾಗ ಅಂಟಿಗೆ ನಾಲ್ಕು ಭಾಗ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ ಮೇಲೆ ತೊಟ್ಟಿಕ್ಕಿಸಿ. ಸೋಪು ನೀರಿನ ಮೇಲ್ಮೈ ಬಿಗಿತ ಮುರಿಯುತ್ತದೆ, ಇಲ್ಲದಿದ್ದರೆ ಹನಿ ಮರಳಿನ ಮೇಲೆ ಉಂಡೆಯಾಗಿ ಉರುಳುತ್ತದೆ, ಒಳಗೆ ಇಳಿಯುವುದಿಲ್ಲ. ನೀವು ಮರಳಿಗೆ ಮೇಲೆ ಹೀಗೆ ತೆಳು ಅಂಟು ಕೊಡದಿದ್ದರೆ ಡ್ರೈಬ್ರಶ್ (ಬಣ್ಣ ಒರೆಸಿ ಉಳಿದ ಬ್ರಶ್ಶನ್ನು ಉಬ್ಬುಗಳ ಮೇಲಷ್ಟೇ ಎಳೆಯುವುದು) ಮಾಡುವಾಗಲೇ ಅರ್ಧ ಕಿತ್ತು ಬರುತ್ತದೆ.

ಬಣ್ಣ

ಒಂದೇ ಬೂದು ಕಲ್ಲಾಗುವುದಿಲ್ಲ. ದೊಡ್ಡ ಕಲ್ಲಿನ ಅಂಚಿಗೆ ಬೆಳಕು ತಾನಾಗಿ ಬೀಳುತ್ತದೆ, 6 ಮಿ.ಮೀ. ಕಲ್ಲಿಗೆ ಬೀಳುವುದಿಲ್ಲ, ಅದನ್ನು ನಾವೇ ಬರೆಯಬೇಕು. ಕಪ್ಪಿನ ಮೇಲೆ ಗಾಢ ಬೂದನ್ನು ಸಂದು ಬಿಟ್ಟು ಬಹುಪಾಲು ಮುಚ್ಚುವಂತೆ ಹಚ್ಚಿ. ಅದು ಹಸಿಯಿರುವಾಗಲೇ ಅಲ್ಲಲ್ಲಿ ಕಂದು, ಕೆಳಭಾಗದಲ್ಲಿ ಮಾಸಲು ಹಸಿರು ಸ್ವಲ್ಪ ಸೇರಿಸಿ. ಒಣಗಿದ ಮೇಲೆ ನಡುಬೂದನ್ನು ಡ್ರೈಬ್ರಶ್ ಮಾಡಿ, ಕೊನೆಗೆ ದಂತದ ಬಣ್ಣವನ್ನು ಬರೀ ಅಂಚಿಗೆ. ಡ್ರೈಬ್ರಶ್‌ಗೆ 20ರಿಂದ 25 ಮಿ.ಮೀ. ಅಗಲದ ಚಪ್ಪಟೆ ಬ್ರಶ್ ಬೇಕು. ಬಣ್ಣ ಅದ್ದಿ, ಬಟ್ಟೆಗೆ ಒರೆಸಿ, ನಿಮ್ಮ ಕೈಚರ್ಮದ ಮೇಲೆ ಎಳೆದಾಗ ಗೆರೆಗಳ ಮೇಲಷ್ಟೇ ಬಣ್ಣ ನಿಂತರೆ ಸರಿ. ಗೋಡೆಯ ಮೇಲೆ ಮೇಲಿಂದ ಕೆಳಗೆ ಎಳೆದರೆ ಬೆಳಕು ಮೇಲಿನಿಂದ ಬಿದ್ದಂತೆ ಕಾಣುತ್ತದೆ. ಸುಣ್ಣದ ಪುಡಿ ಬಳಿದಂತೆ ಕಂಡರೆ ಅಚ್ಚ ಬಿಳಿ ಬಳಸಿದ್ದೀರಿ, ಅಥವಾ ಬ್ರಶ್ ಅತಿಯಾಗಿ ಒಣಗಿದೆ. ಒದ್ದೆ ಸ್ಪಂಜಿಗೆ ಒಮ್ಮೆ ತಾಗಿಸಿಕೊಂಡರೆ ನಯವಾಗುತ್ತದೆ.

ವಾಶ್ (ಸಂದುಗಳಿಗೆ ಹರಿದು ನೆರಳು ಕೊಡುವ ತೆಳು ಗಾಢ ಬಣ್ಣ) ಕೊಡುವುದಿದ್ದರೆ ಅದನ್ನು ಕೊನೆಯ ಡ್ರೈಬ್ರಶ್ಶಿನ ಮುಂಚೆ ಕೊಡಿ: ಗಾಢ ಕಂದು ಒಂದು ಭಾಗ, ಮ್ಯಾಟ್ ವಾರ್ನಿಶ್ ಒಂದು ಭಾಗ, ನೀರು ಎಂಟು ಭಾಗ, ಒಂದು ಹನಿ ಸೋಪು. ಸಮತಟ್ಟು ಜಾಗದಲ್ಲಿ ನಿಂತ ಮಡುವನ್ನು ಒಣ ಬ್ರಶ್ಶಿನಿಂದ ಹೀರಿ ತೆಗೆಯಿರಿ, ಬಿಟ್ಟರೆ ಅಂಚಿನಲ್ಲಿ ಉಂಗುರದ ಕಲೆ ಉಳಿಯುತ್ತದೆ.

ಹುಲ್ಲು

ಹುಲ್ಲು ಉದುರಲು ಎರಡು ಕಾರಣ. ಅಂಟು ಬಳಿದು ಇಡೀ ಗುಡ್ಡಕ್ಕೆ ಹುಲ್ಲು ಚೆಲ್ಲುವಷ್ಟರಲ್ಲಿ ಮೊದಲು ಬಳಿದ ಭಾಗದ ಮೇಲೆ ಪೊರೆ ಕಟ್ಟಿರುತ್ತದೆ, ಪುಡಿ ಅದರ ಮೇಲೆ ಸುಮ್ಮನೆ ಕೂತಿರುತ್ತದೆ. ಮತ್ತೆ, ಮೇಲಿನಿಂದ ಬಿಗಿ ಹಾಕಿಲ್ಲ. ನೀರು ಬೆರೆಸದ ಅಂಟನ್ನು ಅಂಗೈಯಗಲದ ತೇಪೆಗಳಲ್ಲಿ ಹಚ್ಚಿ, ತಕ್ಷಣ ಹುಲ್ಲು ಹಾಕಿ, ಬೆರಳಿನಿಂದ ಮೃದುವಾಗಿ ಒತ್ತಿ. ಮರದಪುಡಿಯ ಫ್ಲಾಕ್ ಆದರೆ ಒಂದು ದಿನ ಬಿಟ್ಟು ಮರಳಿಗೆ ಹೇಳಿದ ಅದೇ ತೆಳು ಅಂಟನ್ನು ತೊಟ್ಟಿಕ್ಕಿಸಿ. ಸ್ಟ್ಯಾಟಿಕ್ ಗ್ರಾಸ್‌ಗೆ (ಸ್ಥಿರ ವಿದ್ಯುತ್ತಿನಿಂದ ನೆಟ್ಟಗೆ ನಿಲ್ಲಿಸುವ ಕೃತಕ ಎಳೆಗಳಿಗೆ) ಮಾತ್ರ ಹೀಗೆ ಮಾಡಬೇಡಿ, ಎದ್ದು ನಿಂತ ಎಳೆಗಳು ನೆನೆದು ಮಲಗಿಬಿಡುತ್ತವೆ. ಅದಕ್ಕೆ ಕೆಳಗಿನ ಅಂಟೇ ಗಟ್ಟಿಯಾಗಿರಬೇಕು. 2 ಮಿ.ಮೀ. ಮತ್ತು 4 ಮಿ.ಮೀ. ಎಳೆ ಬೆರೆಸಿ ಹಾಕಿ, ಎಲ್ಲ ಒಂದೇ ಉದ್ದವಿದ್ದರೆ ಹುಲ್ಲುಹಾಸು ಕಂಬಳಿಯಂತೆ ಕಾಣುತ್ತದೆ.

ಎಲ್ಲೆಡೆ ಹುಲ್ಲು ಬೇಡ. ಗೊಂಬೆ ದಿನವೂ ನಿಲ್ಲುವ ಹೆಜ್ಜೆಗಳು ಬರೀ ಮಣ್ಣಾಗಿರಲಿ, ಎಷ್ಟು ಗಟ್ಟಿ ಅಂಟಿಸಿದರೂ ಬೇಸ್ ಉಜ್ಜಿದಲ್ಲಿ ಹುಲ್ಲು ಸವೆಯುತ್ತದೆ. ಎತ್ತರದ ಪೊದೆಗಳನ್ನು ಗೋಡೆಯ ಬುಡಕ್ಕೆ, ಬಂಡೆಯ ಸಂದಿಗೆ ಸರಿಸಿ. ಮಳೆಯೂ ಅಲ್ಲಿಗೇ ಹರಿಯುತ್ತದೆ, ಗಿಡವೂ ಅಲ್ಲೇ ಬೆಳೆಯುತ್ತದೆ.

ಕೊನೆಯ ಮ್ಯಾಟ್ ವಾರ್ನಿಶ್ ಬ್ರಶ್ಶಿನಲ್ಲಿ ಹಚ್ಚುವ ಅಕ್ರಿಲಿಕ್ ಇರಲಿ, ಕಲ್ಲು ಮಣ್ಣಿನ ಮೇಲೆ ಮಾತ್ರ. ಸ್ಪ್ರೇ ವಾರ್ನಿಶ್ ತೇವದ ಹವೆಯಲ್ಲಿ ಬಿಳಿ ಮಂಜು ಕಟ್ಟುತ್ತದೆ, ಫೋಮ್ ಕರಗಿಸುವ ಗುಣವಂತೂ ಇದ್ದೇ ಇದೆ.

ಮಾಡಿ ಮುಗಿಸಿದ್ದನ್ನು ಒಂದರ ಮೇಲೊಂದು ಪೇರಿಸಬೇಡಿ, ಹುಲ್ಲು ಚಪ್ಪಟೆಯಾಗುತ್ತದೆ. ಗೋಡೆ ಹಿಡಿದು ಎತ್ತಬೇಡಿ, ಬುಡ ಹಿಡಿಯಿರಿ. ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಟ್ಟು ಹೋಗಬೇಡಿ: ಎಕ್ಸ್‌ಪಿಎಸ್ ಸುಮಾರು 75 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ, ಗಾಜಿನ ಹಿಂದೆ ನೇರ ಬಿಸಿಲಿಗೆ ಬಿದ್ದ ಕಪ್ಪು ಮೇಲ್ಮೈ ಅದಕ್ಕೆ ಹತ್ತಿರ ಹೋಗಬಲ್ಲದು. ತೆಳು ಗೋಡೆ ಮೊದಲು ಬಾಗುತ್ತದೆ, ಒಮ್ಮೆ ಬಾಗಿದರೆ ಮೇಲಿನ ಬಣ್ಣದ ಚರ್ಮ ಅದನ್ನು ಅದೇ ಆಕಾರದಲ್ಲಿ ಹಿಡಿದಿಡುತ್ತದೆ.